ಮೊದಲು ಬಾವಿ ನೋಡಿ, ಆಮೇಲೆ ರೂಮು ಕಟ್ಟಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಭಾನುವಾರದ ನಿಮ್ಮ ಪೇಪರಿನಲ್ಲಿ ಕಾಸರಗೋಡು ಜಿಲ್ಲೆಯ ಕುದ್ರುಗಳಲ್ಲಿ, ಅಂದ್ರೆ ಹೊಳೆ ನಡುವಿನ ಸಣ್ಣ ದ್ವೀಪಗಳಲ್ಲಿ, ಇಕೋ ಟೂರಿಸಂ ಬರಬೇಕು ಅಂತ ಒಬ್ಬರು ಬರೆದದ್ದು ಓದಿದೆ. ಶಿರಿಯಾ ಹೊಳೆ, ಮೊಗ್ರಾಲ್ ಹೊಳೆಯ ಕುದ್ರುಗಳಿಂದ ಹಿಡಿದು ಆಚೆ ವಲಿಯಪರಂಬದ ತನಕ ಎಲ್ಲ ಕಡೆ ಬಿದಿರಿನ ಗುಡಿಸಲು ಹಾಕಿ, ಸೋಲಾರ್ ಲೈಟ್ ಇಟ್ಟು, ಊರಿನವರೇ ಊಟ ಬಡಿಸಿ ಲಕ್ಷದ್ವೀಪದ ಹಾಗೆ ಮಾಡ್ಬಹುದು, ನಮ್ಮ ಹುಡುಗರು ಗಲ್ಫಿಗೆ ಹೋಗುದು ತಪ್ತದೆ ಅಂತ ಅದರಲ್ಲಿತ್ತು. ಬರೆದವರಿಗೆ ಊರಿನ ಮೇಲೆ ಪ್ರೀತಿ ಉಂಟು, ಅದರಲ್ಲಿ ಡೌಟಿಲ್ಲ. ಆದ್ರೆ ಇಡೀ ಬರಹದಲ್ಲಿ ನೀರು ಅಂತ ಬಂದದ್ದು ಒಂದೇ ಕಡೆ, ಅದೂ ನೀಲಿ ನೀರು ಅಂತ. ಕುಡಿಯುವ ನೀರಿನ ಸುದ್ದಿಯೇ ಇಲ್ಲ ಮಾರಾಯ್ರೆ.

ನಾನು ಪಂಪು ಪೈಪಿನ ಕೆಲಸದವ, ಮನೆ ಕುಂಬಳೆ ಹತ್ರ. ಲಕ್ಷದ್ವೀಪದ ಒಂದು ದ್ವೀಪದಲ್ಲಿ ಕೆಲವು ವರ್ಷ ಇದ್ದೆ, ಪರ್ಮಿಟ್ ಮಾಡಿಸಿ ಕರ್ಕೊಂಡು ಹೋದ ಕಾಂಟ್ರಾಕ್ಟರ್ ಒಬ್ಬರ ಕೆಳಗೆ ಬೀಚ್ ಕಾಟೇಜುಗಳ ನೀರಿನ ಲೈನು, ಪಂಪು, ಟಾಯ್ಲೆಟ್ಟಿನ ಪೈಪು ಎಲ್ಲ ನೋಡಿಕೊಳ್ಳುದು ನನ್ನ ಕೆಲಸ. ಇರ್ಲಿಕ್ಕೆ ಅಲ್ಲಿಯವರ ಒಂದು ಮನೆಯ ಹಿಂದಿನ ರೂಮು. ಅಲ್ಲಿಯವರ ಭಾಷೆ ಜಸರಿ, ಮಲಯಾಳದ್ದೇ ಒಂದು ಬಗೆ, ನಮ್ಮ ಕಡೆಯವರಿಗೆ ಸ್ವಲ್ಪ ದಿನದಲ್ಲಿ ಹಿಡಿತದೆ. ಅದಕ್ಕೆ ಸುಂದರ ದ್ವೀಪದಲ್ಲಿ ಪ್ರಕೃತಿ ಜೊತೆ ಬದುಕುದು ಅಂದ್ರೆ ಎಂತ ಅಂತ ಪಂಪ್ ಶೆಡ್ಡಿನ ಬಾಗಿಲಿನಿಂದ ನೋಡಿದವನು ಬರೆಯುವ ಪತ್ರ ಇದು, ಸ್ವಲ್ಪ ಉದ್ದ ಆದರೆ ಅಡ್ಜಸ್ಟ್ ಮಾಡಿ.

ಮೊದಲಿಗೆ ಲಕ್ಷದ್ವೀಪ ಅಂದ್ರೆ ಎಷ್ಟು ದೊಡ್ಡದು ಅಂತ ತುಂಬ ಜನಕ್ಕೆ ಅಂದಾಜಿಲ್ಲ. 36 ದ್ವೀಪ ಸೇರಿಸಿದ್ರೂ ಒಟ್ಟು ನೆಲ 32 ಚದರ ಕಿಲೋಮೀಟರು, ನಮ್ಮಲ್ಲಿ ಒಂದು ಪಂಚಾಯತಿನಷ್ಟು. ಜನ ಇರುದು ಹತ್ತರಲ್ಲಿ ಮಾತ್ರ, 2011ರ ಜನಗಣತಿಯಲ್ಲಿ 64,473 ಮಂದಿ, ಅಂದ್ರೆ ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮೇಲೆ. ಖಾಲಿ ಬಿದ್ದ ಸ್ವರ್ಗ ಅಂತ ವಿಡಿಯೋದಲ್ಲಿ ಕಾಣುದು ಡ್ರೋನ್ ಮೇಲೆ ಹೋದ ಕಾರಣ, ತೆಂಗಿನ ಮರದ ಅಡಿಯಲ್ಲಿ ಮನೆಗೆ ಮನೆ ತಾಗಿಕೊಂಡು ಉಂಟು.

ನಮಗೂ ಅವರಿಗೂ ಹಳೆ ಸಂಬಂಧ, ಇದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಈ ಐದು ದ್ವೀಪ ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದು, ಕಲೆಕ್ಟರು ಮಂಗಳೂರಿನವರೇ. ಅಲ್ಲಿಯ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರ್ತಿತ್ತು, ಇಲ್ಲಿಂದ ಅಕ್ಕಿ ಹೋಗ್ತಿತ್ತು. 1956 ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯ್ತಲ್ಲ, ಅದೇ ದಿನ ಆ ದ್ವೀಪಗಳೂ ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಸೇರಿದವು. ನಾವು ಅದರ ಬಗ್ಗೆ ಇವತ್ತಿಗೂ ಸಭೆ ಮಾಡ್ತೇವೆ, ಅವರು ಮಂಗಳೂರು ಹಳೆ ಬಂದರಿಗೆ ಬಂದು ತರಕಾರಿ, ಜಲ್ಲಿ, ಸಿಮೆಂಟು ಲೋಡ್ ಮಾಡಿಕೊಂಡು ಮಂಜಿಯಲ್ಲಿ, ಅಂದ್ರೆ ಸರಕಿನ ಮರದ ಹಡಗಿನಲ್ಲಿ, ವಾಪಸ್ ಹೋಗ್ತಾರೆ.

ಈಗ ನೀರಿನ ವಿಷಯ. ಅಲ್ಲಿ ಹೊಳೆ ಇಲ್ಲ, ತೋಡಿಲ್ಲ, ಗುಡ್ಡೆ ಇಲ್ಲ. ನೆಲ ಅಂದ್ರೆ ಹವಳದ ಪುಡಿ, ಹೊಯಿಗೆ. ಬಿದ್ದ ಮಳೆ ಸೀದಾ ಕೆಳಗಿಳಿದು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ತದೆ, ಸಿಹಿನೀರು ಹಗುರ ಅಲ್ವಾ, ಗಂಜಿಯ ಮೇಲೆ ತುಪ್ಪ ನಿಂತ ಹಾಗೆ. ಆ ತೆಳು ಪದರಕ್ಕೆ ಎಲ್ಲರೂ ಬಾವಿ ತೋಡಿಕೊಂಡಿದ್ದಾರೆ, ಎರಡಾಳು ಆಳವೂ ಬೇಡ, ಬಗ್ಗಿದರೆ ನೀರು ಕಾಣ್ತದೆ, ಭರತ ಬಂದಾಗ ಬಾವಿ ನೀರೂ ಏರ್ತದೆ, ಇಳಿತಕ್ಕೆ ಇಳಿತದೆ. ಇದರ ಲೆಕ್ಕ ಹೀಗೆ: ಸಮುದ್ರದ ಮಟ್ಟದಿಂದ ಒಂದು ಅಡಿ ಸಿಹಿನೀರು ಮೇಲೆ ನಿಂತಿದ್ರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರ್ತದೆ ಅಂತ. ಕೇಳ್ಲಿಕ್ಕೆ ಖುಷಿ, ಆದ್ರೆ ಇದನ್ನೇ ತಿರುಗಿಸಿ ನೋಡಿ. ನೀವು ದೊಡ್ಡ ಪಂಪು ಇಟ್ಟು ಮೇಲಿನ ಒಂದು ಅಡಿ ಎಳೆದ್ರೆ ಕೆಳಗಿನಿಂದ ಉಪ್ಪು ಅದಕ್ಕೆ ಎಷ್ಟೋ ಪಾಲು ಮೇಲೆ ಬರ್ತದೆ. ಬಾವಿಯಲ್ಲಿ ನೀರು ತುಂಬಿಕೊಂಡೇ ಇರ್ತದೆ, ಕುಡಿಯುವ ಹಾಗೆ ಮಾತ್ರ ಇರುದಿಲ್ಲ. ನಮ್ಮಲ್ಲಿ ಬಾವಿ ಬತ್ತಿದ್ರೆ ಬರ ಬಂತು ಅಂತ ಗೊತ್ತಾಗ್ತದೆ, ಅಲ್ಲಿ ಗೊತ್ತೇ ಆಗುದಿಲ್ಲ.

ನಾನು ಹೋಗುವ ಮೊದಲೇ ನಮ್ಮ ಕಾಟೇಜಿನವರು ಮನೆಗಳ ಹತ್ತಿರದ ಒಂದು ಬಾವಿಗೆ ಮೂರು ಎಚ್‌ಪಿ ಮೋಟಾರು ಕೂರಿಸಿ ಆಗಿತ್ತು. ಗೆಸ್ಟು ಬೆಳಗ್ಗೆ ಒಂದು ಸ್ನಾನ ಮಾಡ್ತಾರೆ, ಸಮುದ್ರದಲ್ಲಿ ಬಿದ್ದು ಬಂದು ಉಪ್ಪು ತೊಳೀಲಿಕ್ಕೆ ಒಂದು ಸ್ನಾನ, ರಾತ್ರಿ ಸೆಕೆಗೆ ಇನ್ನೊಂದು. ಸ್ನಾರ್ಕೆಲ್ ಸಾಮಾನು ತೊಳೆಯುದೂ ಸಿಹಿನೀರಲ್ಲೇ, ಬೆಡ್‌ಶೀಟು ಒಗೆಯುದೂ ಅದೇ ನೀರಲ್ಲಿ, ಮೇಲಿಂದ ಗಾರ್ಡನ್ ಬೇರೆ. ರೂಮಿನೊಳಗೆ ಒಂದು ಬೋರ್ಡು, ನೀರು ಉಳಿಸಿ, ಟವಲು ಮತ್ತೊಮ್ಮೆ ಬಳಸಿ ಅಂತ, ಎಲೆಯ ಚಿತ್ರ ಸಮೇತ. ಒಂದು ದಿನ ನಾನಿದ್ದ ಮನೆಯ ಉಮ್ಮ ಪಂಪ್ ಶೆಡ್ಡಿಗೆ ಬಂದು ಒಂದು ಸ್ಟೀಲ್ ಲೋಟ ಕೈಗೆ ಕೊಟ್ಟು "ಕುಡಿದು ನೋಡು ಮೋನೇ" ಅಂದ್ರು. ಕಟ್ಟಂಚಾಯ, ಅಂದ್ರೆ ಹಾಲಿಲ್ಲದ ಚಾ, ಬೆಲ್ಲ ಹಾಕಿದ್ದು, ಬೆಲ್ಲದ ಹಿಂದೆ ಉಪ್ಪು ನಾಲಿಗೆಗೆ ಹತ್ತಿತು. ಬೇಳೆ ಎಷ್ಟು ಹೊತ್ತು ಬೇಯಿಸಿದ್ರೂ ಕಾಳು ಕಾಳು, ಸಾಬೂನು ನೊರೆ ಬರುದಿಲ್ಲ, ತಲೆಕೂದಲು ಅಂಟು ಅಂಟು ಅಂತ ಹೇಳಿದ್ರು. ಮೇಲಿನವರಿಗೆ ಹೇಳಿದ್ದಕ್ಕೆ "ಅದು ಭರತದ ಪ್ರಾಬ್ಲಂ" ಅಂತ ಉತ್ತರ. ಎಂತ ಭರತ, ಆ ಉಮ್ಮ ಹುಟ್ಟಿದಾಗಿನಿಂದ ಭರತ ನೋಡಿದವರು.

ಕೊನೆಗೆ ಊರಿನವರು ಪಂಚಾಯತಿಯಲ್ಲಿ ಗಲಾಟೆ ಮಾಡಿದ ಮೇಲೆ ಮೋಟಾರು ಬದಲಾಯ್ತು. ಅರ್ಧ ಎಚ್‌ಪಿ ಪಂಪು, ಅದನ್ನೂ ಒಂದೇ ಬಾವಿಗೆ ಇಡದೆ ದೂರ ದೂರದ ಮೂರು ಬಾವಿಗೆ ಹಂಚಿ, ಸ್ವಲ್ಪ ಸ್ವಲ್ಪವೇ ಜಾಸ್ತಿ ಹೊತ್ತು ಎಳೆಯುದು, ಪಂಪಿನ ಬಾಯಿ ಬಾವಿಯ ತಳಕ್ಕೆ ಬಿಡದೆ ಮೇಲ್ಮೈ ಹತ್ತಿರ ತೇಲುವ ಹಾಗೆ ಕಟ್ಟುದು. ಗಾರ್ಡನ್ನಿಗೆ ನೀರು ಬಂದ್. ಮಾಡಿನ ನೀರಿಗೆ ದಂಬೆ ಕಟ್ಟಿ ಟ್ಯಾಂಕಿಗೆ ಬಿಟ್ಟದ್ದು. ಆದ್ರೂ ಉಮ್ಮನ ಬಾವಿ ಸರಿಯಾಗ್ಲಿಕ್ಕೆ ಮಳೆಗಾಲ ಕಳೀಬೇಕಾಯ್ತು. ಕಾಟೇಜು ಮೊದಲಿನಷ್ಟೇ ಇದ್ದಿದ್ರೆ ಅದು ಉಳಿತಿತ್ತು, ಆದ್ರೆ ಮತ್ತೆ ನಾಲ್ಕು ಕಟ್ಟಿದ್ರು. ನಾನು ಬಿಟ್ಟು ಬಂದದ್ದು ಆಮೇಲೆ, ಸಂಬಳದ್ದೂ ಸ್ವಲ್ಪ ತಕರಾರಿತ್ತು, ಅದು ಬೇರೆ ಕತೆ.

ಸಮುದ್ರದ ನೀರನ್ನೇ ಸಿಹಿ ಮಾಡಬಹುದಲ್ಲ ಅಂತ ಕೇಳ್ತಾರೆ. ಮಾಡ್ತಾರೆ. ಕವರತ್ತಿಯಲ್ಲಿ 2005ರಲ್ಲೇ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ದಿನಕ್ಕೆ ಒಂದು ಲಕ್ಷ ಲೀಟರಿನ ಪ್ಲಾಂಟ್ ಹಾಕಿದ್ದಾರೆ, 2011ರಲ್ಲಿ ಅಗತ್ತಿಗೂ ಮಿನಿಕಾಯಿಗೂ ಬಂತು. ಒಳ್ಳೆ ಐಡಿಯಾ ಅದು, ಪೈಪಿನವನಾಗಿ ನಾನು ಅದನ್ನು ಹೊಗಳಲೇಬೇಕು: ಮೇಲಿನ ಬಿಸಿ ಸಮುದ್ರ ನೀರನ್ನು ಗಾಳಿ ತೆಗೆದ ಟ್ಯಾಂಕಿಗೆ ಬಿಟ್ಟರೆ ಬೆಂಕಿ ಇಲ್ಲದೆಯೇ ಆವಿ ಆಗ್ತದೆ, ಆ ಆವಿಯನ್ನು ತಣಿಸ್ಲಿಕ್ಕೆ ಸುಮಾರು 350 ಮೀಟರು ಆಳದಿಂದ ಉದ್ದ ಪೈಪಿನಲ್ಲಿ ತಣ್ಣೀರು ಎಳೀತಾರೆ, ಕೆಮಿಕಲ್ ಏನೂ ಬೇಡ. ಆದ್ರೆ ಆ ಪಂಪುಗಳು ನಡೆಯುದು ಕರೆಂಟಿನಲ್ಲಿ, ದ್ವೀಪದ ಕರೆಂಟು ಹೆಚ್ಚಾಗಿ ಡೀಸೆಲ್ ಜನರೇಟರಿನದ್ದು, ಡೀಸೆಲು ಬರುದು ಮೇನ್‌ಲ್ಯಾಂಡಿನಿಂದ ಬಾರ್ಜಿನಲ್ಲಿ. ಕವರತ್ತಿಯಲ್ಲಿ 2024ರಲ್ಲಿ ಬ್ಯಾಟರಿ ಇರುವ ಸೋಲಾರ್ ಪ್ಲಾಂಟ್ ಶುರುವಾಗಿದೆ, ಒಳ್ಳೇದೇ, ಡೀಸೆಲು ಸ್ವಲ್ಪ ಕಡಿಮೆ ಆಗಬಹುದು. ಹಾಗಿದ್ರೂ ಆ ನೀರು ಊರಿನವರು ಕುಡೀಲಿಕ್ಕೆ ಅಂತ ಮಾಡಿದ್ದು, ಬೆಂಗಳೂರಿನಿಂದ ಬಂದವರು ಕಾಲಿನ ಹೊಯಿಗೆ ತೊಳೀಲಿಕ್ಕೆ ಅಲ್ಲ.

ಟಾಯ್ಲೆಟ್ ವಿಷಯ ಪೇಪರಿನಲ್ಲಿ ಬರೀಬಹುದಾ ಗೊತ್ತಿಲ್ಲ, ಬೇಡ ಅಂತ ಕಂಡ್ರೆ ಈ ಪ್ಯಾರ ತೆಗೀರಿ. ಹೊಯಿಗೆ ನೆಲದಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರೂ ಬಾವಿ ನೀರೂ ಒಂದೇ ಪದರದಲ್ಲಿ ಇರುದು, ನಡುವೆ ಮುರಕಲ್ಲಿಲ್ಲ, ಜೇಡಿ ಇಲ್ಲ. ಮನೆಗೊಂದು ಟ್ಯಾಂಕು, ಮನೆಗೊಂದು ಬಾವಿ, ಜಾಗ ಇರುದು ಅಷ್ಟೇ, ಹಾಗಾಗಿ ಅಲ್ಲಿ ಮೊದಲಿನಿಂದಲೇ ಆ ಸಮಸ್ಯೆ ಉಂಟು. ಅದಕ್ಕೆ ಇನ್ನೂ 20 ಕಮೋಡ್ ಸೇರಿಸಿ ಮೇಲೆ ಮಡಲಿನ ಮಾಡು ಹೊದಿಸಿದ್ರೆ ಅದು ಇಕೋ ಆಗುದು ಹೇಗೆ? ಮಡಲು ಕಾಣ್ತದೆ, ಟ್ಯಾಂಕು ಕಾಣುದಿಲ್ಲ, ಅಷ್ಟೆ ವ್ಯತ್ಯಾಸ.

ಅಲ್ಲಿ ನಿಜವಾಗಿ ಇಕೋ ಅಂತ ಇದ್ದದ್ದು ಮೊದಲಿನಿಂದಲೇ ಇದ್ದದ್ದು, ಯಾರೂ ಟೂರಿಸ್ಟಿಗೋಸ್ಕರ ಮಾಡಿದ್ದಲ್ಲ. ಚೂರ ಮೀನು, ಅಂದ್ರೆ ಟ್ಯೂನಾ, ಹಿಡಿಯುದನ್ನು ನೋಡ್ಬೇಕು ನೀವು. ಬೆಳಿಗ್ಗೆ ಬೇಗ ಲಗೂನಿನಲ್ಲಿ ಹವಳದ ಹತ್ತಿರ ಸಣ್ಣ ಮೀನು ಬಲೆ ಹಾಕಿ ಹಿಡಿದು ಜೀವ ಸಮೇತ ಬೋಟಿನ ತೊಟ್ಟಿಯಲ್ಲಿ ಇಟ್ಕೊಳ್ತಾರೆ. ಹೊರಗೆ ಹೋಗಿ ಚೂರದ ಹಿಂಡು ಕಂಡ್ರೆ ಆ ಸಣ್ಣ ಮೀನು ಎರಚುದು, ಬೋಟಿನ ಹಿಂದಿನಿಂದ ನೀರು ಚಿಮುಕಿಸುದು, ನೀರಿನ ಮೇಲೆ ಮೀನು ಕುಣೀತಾ ಉಂಟು ಅಂತ ಚೂರಕ್ಕೆ ಕಾಣ್ಬೇಕು. ಮತ್ತೆ ಸಾಲಾಗಿ ನಿಂತು ಕೋಲಿನ ಗಾಳದಲ್ಲಿ ಒಂದೊಂದೇ ಎತ್ತಿ ಹಿಂದಕ್ಕೆ ಬಿಸಾಡುದು, ಗಾಳಕ್ಕೆ ಮುಳ್ಳಿಲ್ಲ, ಅದಾಗಿಯೇ ಕಳಚಿ ಬೋಟಿಗೆ ಬೀಳ್ತದೆ. ಬೇಡದ ಮೀನು ಸಿಕ್ಕಿ ಸಾಯುದು ತೀರಾ ಕಡಿಮೆ. ಮಿನಿಕಾಯಿಯವರು ಅದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್ ಮಾಡ್ತಾರೆ, ಕಟ್ಟಿಗೆ ತುಂಡಿನ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುದಿಲ್ಲ.

ಈ ಇಡೀ ಕಸುಬು ನಿಂತಿರುದು ಲಗೂನಿನ ಆ ಸಣ್ಣ ಮೀನಿನ ಮೇಲೆ, ಸಣ್ಣ ಮೀನು ನಿಂತಿರುದು ಹವಳದ ಮೇಲೆ. ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಬೆಳ್ಳಗೆ ಬಿಳುಚಿಕೊಂಡಿತು. ಅಗತ್ತಿ, ಕದ್ಮತ್, ಕವರತ್ತಿಯಲ್ಲಿ 1998ರಿಂದ 2022ರ ಒಳಗೆ ಹವಳ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಸಮುದ್ರ ಬಿಸಿಯಾಗುದನ್ನು ದ್ವೀಪದವರು ನಿಲ್ಲಿಸ್ಲಿಕ್ಕೆ ಆಗುದಿಲ್ಲ, ನಾವೂ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಆದ್ರೆ ಕೊಳಚೆ ಬಿಡುದು, ಬೋಟಿನ ಲಂಗರು ಹವಳದ ಮೇಲೆ ಇಳಿಸುದು, ಬಂದವರು ಅದರ ಮೇಲೆ ನಿಂತು ಸೆಲ್ಫಿ ತೆಗೆಯುದು ನಿಲ್ಲಿಸ್ಬಹುದು. 2024 ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಫೋಟೋ ಬಂದ ಮೇಲೆ ಮಾಲ್ಡೀವ್ಸ್ ಬೇಡ ಲಕ್ಷದ್ವೀಪಕ್ಕೆ ಹೋಗುವ ಅಂತ ಎಲ್ಲರೂ ಎದ್ದುಬಿದ್ದು ಹುಡುಕಿದ್ರು, ನನಗೂ ಎಷ್ಟೋ ಜನ ಫೋನ್ ಮಾಡಿ ಪರ್ಮಿಟ್ ಹೇಗೆ, ಟಿಕೆಟ್ ಎಷ್ಟು ಅಂತ ಕೇಳಿದ್ರು. ಅಲ್ಲಿ ನೀರುಂಟಾ ಅಂತ ಕೇಳಿದವರು ಯಾರೂ ಇಲ್ಲ.

ಇನ್ನೊಂದು ಸಂಗತಿ, ಜಾಗದ್ದು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು, ಆದ್ರೆ ಆಸ್ತಿ ಹೆಣ್ಣಿನ ಸಾಲಿನಲ್ಲಿ ಹೋಗುದು, ನಮ್ಮ ಅಳಿಯಕಟ್ಟಿನ ಹಾಗೆಯೇ. ತರವಾಡಿನ, ಅಂದ್ರೆ ತಾಯಿ ಕಡೆಯ ಕೂಡುಕುಟುಂಬದ, ಹಳೆ ಜಾಗಕ್ಕೆ ವೆಳ್ಳಿಯಾಯ್ಚ ಅಂತ ಹೇಳ್ತಾರೆ, ಅದನ್ನು ಒಬ್ಬ ತನ್ನಷ್ಟಕ್ಕೆ ಮಾರುವ ಹಾಗಿಲ್ಲ, ಸ್ವಂತ ದುಡಿದು ಮಾಡಿದ್ದು ತಿಂಗಳಾಯ್ಚ, ಅದು ಅವನಿಷ್ಟ. ಹೊರಗಿನವರು ಜಾಗ ತೆಗೊಳ್ಳಿಕ್ಕೆ ಆಗುದಿಲ್ಲ ಅಂತ ಕಾನೂನು ಬೇರೆ ಉಂಟು. ಇಷ್ಟು ಕಾಲ ಆ ದ್ವೀಪಗಳನ್ನು ಉಳಿಸಿದ್ದು ಇದೇ ಅಂತ ನನ್ನ ಲೆಕ್ಕ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂದಾಗ ಜನ ಅಷ್ಟು ಹೆದರಿದ್ದು ಜಾಗ ಕೈತಪ್ತದೆ ಅಂತಲೇ. ನಮ್ಮ ಕುದ್ರುಗಳಿಗೆ ಇಂಥ ಯಾವ ಬೇಲಿಯೂ ಇಲ್ಲ. ತೆಂಗಿಗೆ ರೇಟು ಬಿದ್ದ ವರ್ಷ ಒಬ್ಬ ಬ್ರೋಕರ್ ದೋಣಿ ಹತ್ತಿ ಬಂದ್ರೆ ಸಾಕು.

ಹೊರದೇಶದ ಕತೆಯೂ ಒಂದು ಹೇಳ್ತೇನೆ, ಯಾಕೆಂದ್ರೆ ನಮ್ಮವರಿಗೆ ಹೊರದೇಶದ್ದು ಹೇಳಿದ್ರೆ ಬೇಗ ನಂಬಿಕೆ ಬರುದು. ಫಿಲಿಪೈನ್ಸಿನ ಬೊರಾಕೆ ಅಂತ ದ್ವೀಪ, ಹತ್ತು ಚದರ ಕಿಲೋಮೀಟರು. ಬಿಳಿ ಹೊಯಿಗೆ ಅಂತ ಜಗತ್ತಿಗೇ ಹೆಸರು. ಹೋಟೆಲಿನ ಕೊಳಚೆ ಸೀದಾ ಸಮುದ್ರಕ್ಕೆ ಬಿಟ್ಟು ಬಿಟ್ಟು, 2018 ಏಪ್ರಿಲಿನಲ್ಲಿ ಅಲ್ಲಿಯ ಸರಕಾರ ಇಡೀ ದ್ವೀಪವನ್ನೇ ಆರು ತಿಂಗಳು ಟೂರಿಸ್ಟರಿಗೆ ಬಂದ್ ಮಾಡ್ಬೇಕಾಯ್ತು. ತೆರೆಯುವಾಗ ಲೆಕ್ಕ ಹಾಕಿ ಒಂದು ಸಲಕ್ಕೆ 19,215 ಟೂರಿಸ್ಟರಿಗಿಂತ ಜಾಸ್ತಿ ಬೇಡ ಅಂತ ನಂಬರ್ ಕೊಟ್ರು. ಥಾಯ್ಲೆಂಡಿನ ಮಾಯಾ ಬೇಯನ್ನೂ ಅದೇ ವರ್ಷ ಮುಚ್ಚಿ, 2022 ಜನವರಿಗೆ ತೆರೆದದ್ದು. ಆ ಲೆಕ್ಕವನ್ನು ಮೊದಲೇ ಹಾಕಿದ್ದಿದ್ರೆ ಆರು ತಿಂಗಳು ಅಡಿಗೆಯವ, ದೋಣಿಯವ, ರೂಮ್‌ಬಾಯ್ ಮನೆಯಲ್ಲಿ ಕೂರಬೇಕಿತ್ತಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಾವು ಮಕ್ಕಳಿಗೆ ಹೇಳುದು, ಹೋಟೆಲಿನವರು ಹಾಸಿಗೆಯನ್ನೇ ಜಾಸ್ತಿ ಮಾಡ್ತಾ ಹೋಗ್ತಾರೆ.

ಈಗ ನಮ್ಮ ಊರಿಗೆ ಬನ್ನಿ. ಕುದ್ರುವಿನ ನೀರಿನ ಕತೆ ದ್ವೀಪದ ಹಾಗೆಯೇ, ಸುತ್ತ ಹೊಳೆ ಇದೆ ಅಂತ ಮೋಸ ಹೋಗ್ಬೇಡಿ. ಫೆಬ್ರವರಿ ಕಳೆದ್ರೆ ಹೊಳೆಗೆ ಉಪ್ಪು ಏರ್ತದೆ. ಚಂದ್ರಗಿರಿ ಹೊಳೆಗೆ ಬಾವಿಕೆರೆಯಲ್ಲಿ ಪಕ್ಕಾ ತಡೆಗೋಡೆ ಆಗುವ ಮೊದಲು ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಬೇಸಿಗೆಗೆ ಎಂತ ಬರ್ತಿತ್ತು ಅಂತ ಪೇಟೆಯವರನ್ನು ಕೇಳಿ. ಪ್ರತಿ ವರ್ಷ ಮರಳಿನ ಚೀಲ ಇಟ್ಟು ಕಟ್ಟ ಹಾಕುದು, ಅದು ಒಡೆಯುದು, ಉಪ್ಪುನೀರು ನಳ್ಳಿಗೆ ಬರುದು. ಸಮುದ್ರದಿಂದ ಅಷ್ಟು ಒಳಗಿನ ಜಾಗದಲ್ಲೇ ಹಾಗಾದ್ರೆ ಅಳಿವೆ ಬಾಯಿಯ ಕುದ್ರುವಿನಲ್ಲಿ ಹೇಗಿರಬೇಡ. ಟೂರಿಸ್ಟು ಬರುದು ಯಾವಾಗ? ಡಿಸೆಂಬರಿನಿಂದ ಮೇ ತನಕ, ಸರಿಯಾಗಿ ಬಾವಿ ಉಪ್ಪಾಗುವ ಹೊತ್ತಿಗೆ.

ಮುರಕಲ್ಲಿನ ಗುಡ್ಡೆಗೆ ಸುರಂಗ ಕೊರೆದು ಬೆರಳು ದಪ್ಪ ನೀರಿನಲ್ಲಿ ತೋಟ ಮಾಡಿದ ಊರು ನಮ್ಮದು. ಎಷ್ಟು ಬರ್ತದೆ ಅಂತ ನೋಡಿ ಅಷ್ಟಕ್ಕೇ ಅಡಿಕೆ ನೆಟ್ಟವರು ನಮ್ಮ ಅಜ್ಜಂದಿರು, ಅಡಿಕೆ ನೆಟ್ಟು ಆಮೇಲೆ ನೀರು ಹುಡುಕಿದವರಲ್ಲ. (ಬೋರ್‌ವೆಲ್ ಬಂದ ಮೇಲೆ ಅದೂ ಹೋಯ್ತು, ಇರಲಿ.)

ನಾನು ಟೂರಿಸಂ ಬೇಡ ಅಂತ ಹೇಳುದಲ್ಲ, ಅದರಲ್ಲೇ ಹೊಟ್ಟೆ ಹೊರೆದವನು ನಾನು. ಕವ್ವಾಯಿ ಹಿನ್ನೀರಿನ ಪಡನ್ನ ಕಡೆ ಹೆಂಗಸರ ಗುಂಪುಗಳು ಹಗ್ಗಕ್ಕೆ ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪುಮೀನು ಕಟ್ಟಿ ಬೆಳೆಸಿ ದುಡ್ಡು ಮಾಡಿದ್ದಾರೆ, ನೋಡ್ಲಿಕ್ಕೆ ಬಂದವರಿಗೆ ಅದನ್ನೇ ತೋರಿಸಿ, ಅವರ ಮನೆಯಲ್ಲೇ ಊಟ ಹಾಕಿ, ಸಂಜೆ ವಾಪಸ್ ಕಳಿಸಿದ್ರೆ ಆಗುದಿಲ್ವಾ? ರಾತ್ರಿ ಉಳಿಯುವವರು ಮನೆಗೆ ಇಬ್ಬರು ಅಂತ ಇರಲಿ. ಹೌಸ್‌ಬೋಟಿನ ಎಣ್ಣೆ ನೀರಿಗೆ ಬಿದ್ರೆ ಮೊದಲು ಸಾಯುದು ಆ ಕಲ್ಲುಮ್ಮಕ್ಕಾಯಿ, ಅದಕ್ಕೆ ಬೋಟಿಗೂ ಒಂದು ಮಿತಿ ಇರಲಿ.

ಸರಕಾರದವರಿಗೆ ಹೇಳುದು ಇಷ್ಟು. ಮೊದಲು ತೀರದ ಕಾನೂನಿನಲ್ಲಿ ಹಿನ್ನೀರಿನ ದ್ವೀಪಗಳಲ್ಲಿ ನೀರಿನಿಂದ 50 ಮೀಟರು ಬಿಟ್ಟು ಕಟ್ಟಬೇಕಿತ್ತು, 2019ರ ನಿಯಮದಲ್ಲಿ ಅದು 20 ಮೀಟರಿಗೆ ಇಳಿದಿದೆ, ದ್ವೀಪಕ್ಕೆ ಪ್ಲಾನ್ ಆದ ಮೇಲೆ ಮಾತ್ರ ಅನ್ನುವ ಷರತ್ತಿನಲ್ಲಿ. ಸ್ವಂತ ಮನೆ ಕಟ್ಟಿಕೊಳ್ಳುವ ಬಡವನಿಗೆ ಅದು ಒಳ್ಳೇದೇ, ಆದ್ರೆ ಅದೇ ಸಂದಿಯಲ್ಲಿ ರಿಸಾರ್ಟು ನುಗ್ಗುದನ್ನು ನೋಡುವವರು ಯಾರು? ಕೊಚ್ಚಿಯ ಮರಡಿನಲ್ಲಿ ಈ ತೀರದ ಕಾನೂನು ಮುರಿದು ಕಟ್ಟಿದ ಫ್ಲಾಟುಗಳನ್ನು 2020 ಜನವರಿಯಲ್ಲಿ ಬಾಂಬಿಟ್ಟು ಉರುಳಿಸಿದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ, ಕಟ್ಟುವಾಗ ಸಹಿ ಹಾಕಿದವರು ನೋಡ್ಲಿಲ್ಲ. ಕುದ್ರುವಿನಲ್ಲಿ ರೂಮಿಗೆ ಲೈಸೆನ್ಸ್ ಕೊಡುವ ಮೊದಲು ಏಪ್ರಿಲ್ ತಿಂಗಳಲ್ಲಿ, ಮಳೆಗಾಲದಲ್ಲಿ ಅಲ್ಲ, ಏಪ್ರಿಲಿನಲ್ಲಿಯೇ, ಅಲ್ಲಿಯ ಎಲ್ಲ ಬಾವಿಗಳ ನೀರು ಟೆಸ್ಟ್ ಮಾಡಿ ಊರಿನವರ ಖರ್ಚು ಕಳೆದು ಎಷ್ಟು ಉಳಿತದೆ ಅಂತ ಬರೆದು ಪಂಚಾಯತಿನ ಗೋಡೆಗೆ ಅಂಟಿಸಿ. ಏನೂ ಉಳಿಯುದಿಲ್ಲ ಅಂತಾದ್ರೆ ರೂಮು ಸೊನ್ನೆ. ಕುಂಬಳೆ, ಮಂಜೇಶ್ವರ ಕಡೆ ಆ ನೋಟೀಸು ಕನ್ನಡದಲ್ಲಿಯೂ ಇರಲಿ, ಮಲಯಾಳದಲ್ಲಿ ಮಾತ್ರ ಅಂಟಿಸಿ ಆಕ್ಷೇಪಣೆಗೆ ಟೈಮ್ ಮುಗೀತು ಅಂತ ಹೇಳುವ ಆಟ ನಮಗೆ ಹೊಸತಲ್ಲ.

ನನ್ನ ಹತ್ತಿರ ಒಂದು ಟಿಡಿಎಸ್ ಮೀಟರ್ ಉಂಟು, ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವಂಥದ್ದು, ಪೆನ್ನಿನಷ್ಟು ಉದ್ದ. ಕುಡಿಯುವ ನೀರಿಗೆ ಅದರಲ್ಲಿ 500ರ ಒಳಗೆ ಬಂದ್ರೆ ಒಳ್ಳೇದು, ಬೇರೆ ನೀರೇ ಇಲ್ಲದ ಕಡೆ 2,000 ತನಕ ಅಡ್ಜಸ್ಟ್ ಮಾಡಬಹುದು ಅಂತ ಸರಕಾರದ್ದೇ ಮಾನದಂಡ. ಶಿರಿಯಾ, ಮೊಗ್ರಾಲ್ ಹೊಳೆಯ ಕುದ್ರುಗಳಲ್ಲಿ ಇರುವವರು ಯಾರಾದ್ರೂ ಬಾವಿ ನೋಡ್ಬೇಕು ಅಂತ ಇದ್ರೆ ನಿಮ್ಮ ಕಚೇರಿಗೆ ತಿಳಿಸಲಿ, ನೀವು ನನಗೆ ಹೇಳಿದ್ರೆ ಆಯ್ತು. ದುಡ್ಡು ಬೇಡ, ದೋಣಿಯಲ್ಲಿ ಆಚೆ ದಾಟಿಸಿ ವಾಪಸ್ ಬಿಟ್ಟರೆ ಸಾಕು. ಆ ಬರಹ ಬರೆದವರೂ ಜೊತೆಗೆ ಬರುದಾದ್ರೆ ಬರಲಿ.

ಇತಿ,
ಒಬ್ಬ ಪಂಪು ಕೆಲಸದವ
ಕುಂಬಳೆ